ಕೆಡವದೆ ಬಿಟ್ಟ ಆ ಒಂದು ಪಟ್ಟು

ಆರು ವರ್ಷದಿಂದ ಜಿಯು ಜಿತ್ಸು ಕಲಿಯುತ್ತಿದ್ದೇನೆ, ನಡುವೆ ಸ್ವಲ್ಪ ಜೂಡೋ. ಎರಡೂ ಎದುರಾಳಿಯನ್ನು ಹಿಡಿದು, ಕೆಡವಿ ಮಣಿಸುವ ಕಲೆಗಳು. ಕಲಿತದ್ದನ್ನು ಬೀದಿಯಲ್ಲಿ ಬಳಸಿದ್ದು ಒಂದೇ ಸಲ. ಅದೂ ಅರ್ಧ.

ಗಾಡಿ ನಿಲ್ಲಿಸುವ ಜಾಗಕ್ಕೆ ಒಬ್ಬನ ಜೊತೆ ಶುರುವಾದ ಮಾತು. ತಪ್ಪು ಬಹುಶಃ ನನ್ನದೇ. ಆತ ಬೈಯುತ್ತಾ ಮೈಮೇಲೆ ಬಂದ. ನಾನು ಎರಡು ಹೆಜ್ಜೆ ಹಿಂದೆ ಸರಿದು, ಅಂಗೈ ಕಾಣುವ ಹಾಗೆ ಕೈ ಎತ್ತಿ, "ಸರಿ, ಗಾಡಿ ತೆಗೀತೀನಿ" ಅಂದೆ. ನೋಡುವವರಿಗೆ ಅದು ಶರಣಾದ ಹಾಗೆ. ಆದರೆ ಅವನ ಮುಷ್ಟಿಗೂ ನನ್ನ ಮುಖಕ್ಕೂ ನಡುವೆ ಎರಡು ಕೈ ಇದ್ದವು, ಅಲ್ವಾ?

ಮಾತು ಕೆಲಸ ಮಾಡಲಿಲ್ಲ. ಕಾಲರ್ ಹಿಡಿದ. ಬಲಗೈ ಹಿಂದಕ್ಕೆ ಹೋಯಿತು.

ಗುದ್ದು ಪೂರ್ತಿ ಬಲದಲ್ಲಿ ಬೀಳಬೇಕಾದರೆ ಕೈ ಬೀಸಲು ಜಾಗ ಬೇಕು. ಎಟುಕದಷ್ಟು ದೂರ ನಿಂತರೆ ಬಚಾವ್, ಎದೆಗೆ ಎದೆ ಅಂಟಿದರೂ ಹೆಚ್ಚುಕಮ್ಮಿ ಬಚಾವ್. ದೂರ ಹೋಗಲು ಅವನು ಬಿಡಲಿಲ್ಲ, ಹಾಗಾಗಿ ಒಳಗೆ ನುಗ್ಗಿದೆ. ತಲೆಯನ್ನು ಅವನ ಎದೆಗೆ ಒತ್ತಿ, ಎರಡೂ ಕೈ ಕಂಕುಳ ಕೆಳಗೆ ತೂರಿಸಿ ಬೆನ್ನ ಹಿಂದೆ ಬಿಗಿದೆ. ಗುದ್ದು ನನ್ನ ಬೆನ್ನಿಗೆ ಬಿತ್ತು. ಅದರಲ್ಲಿ ತೂಕವೇ ಇರಲಿಲ್ಲ.

ಅಲ್ಲಿಂದ ಎತ್ತಿ ಕೆಡವುವುದು ಸುಲಭ. ಸೊಂಟ ತಾನಾಗಿ ತಿರುಗಲು ಹೊರಟಿತ್ತು. ತಡೆದದ್ದು ಕಾಲ ಕೆಳಗಿನ ಕಾಂಕ್ರೀಟ್. ಜೂಡೋದಲ್ಲಿ ಮೊದಲು ಕಲಿಸುವುದೇ ಉಕೆಮಿ: ಗದ್ದ ಎದೆಗೆ ಒತ್ತಿ, ತೋಳಿನಿಂದ ನೆಲ ಬಡಿದು ಬೀಳುವುದು. ಇವನಿಗೆ ಅದೆಲ್ಲಿ ಗೊತ್ತು? ಹಿಂದಲೆ ಬಡಿದರೆ ಜೀವವೇ ಹೋಗಬಹುದು. ಗಾಡಿ ನಿಲ್ಲಿಸುವ ಜಾಗಕ್ಕೆ! ಅಲ್ಲದೆ ಅವನ ಇಬ್ಬರು ಗೆಳೆಯರು ಪಕ್ಕದಲ್ಲೇ ನಿಂತಿದ್ದರು. ಕೆಳಗೆ ಬಿದ್ದು ಹೊರಳಾಡಿದರೆ ನನ್ನ ತಲೆ ಅವರ ಬೂಟಿಗೆ ಸಿಗುತ್ತಿತ್ತು.

ಬೇರೆ ಬೇರೆ ಕಲೆಯವರು ಎದುರಾಗುವ ಯುಎಫ್‌ಸಿ ಕಾಳಗ, 1993ರ ಅದರ ಮೊದಲ ಪಂದ್ಯಾವಳಿಯಲ್ಲಿ ಜಿಯು ಜಿತ್ಸು ಪಟು ರಾಯ್ಸ್ ಗ್ರೇಸಿ ತನಗಿಂತ ದೊಡ್ಡ ಆಳುಗಳನ್ನು ನೆಲಕ್ಕೆಳೆದು ಗೆದ್ದದ್ದನ್ನು ವಿಡಿಯೋದಲ್ಲಿ ನೋಡಿಯೇ ನಾನು ಕ್ಲಾಸಿಗೆ ಸೇರಿದ್ದು. ಅಲ್ಲಿ ಒಬ್ಬನಿಗೆ ಒಬ್ಬನೇ ಎದುರಾಳಿ, ರೆಫರಿ ಬೇರೆ ಇದ್ದ.

ಸುಮ್ನೆ ಅವನನ್ನು ಕಾರಿಗೆ ಒರಗಿಸಿ ಹಿಡಿದೆ. "ಬಿಡ್ತೀನಿ, ಹೊಡೀಬೇಡ" ಅಂತ ಕಿವಿಯ ಹತ್ತಿರ ಹೇಳುತ್ತಲೇ ಇದ್ದೆ. ಅರ್ಧ ನಿಮಿಷಕ್ಕೆ ಅವನ ಉಸಿರು ಸೋತಿತು. ಗೆಳೆಯರೇ ಬಂದು ಎಳೆದುಕೊಂಡರು. ನಾನು ಬೆನ್ನು ತೋರಿಸದೆ ಹಿಂದೆ ಸರಿದು, ಗಾಡಿ ತೆಗೆದೆ. ಕೀ ತೂರಿಸಲು ಮೂರು ಸಲ ಬೇಕಾಯಿತು, ಕೈ ಅಷ್ಟು ನಡುಗುತ್ತಿತ್ತು.

ಆಮೇಲೆ ನನ್ನ ಅಭ್ಯಾಸ ಬದಲಾಯಿತು. ಕೆಳಗೆ ಮಲಗಿ ಆಡುವ ಆಟ ಕಡಿಮೆ ಮಾಡಿದೆ. ಗೋಡೆಗೆ ಒರಗಿಸುವುದು, ಹಿಡಿತ ಬಿಡಿಸುವುದು, ಬಿದ್ದರೆ ಒಂದು ಕೈ ನೆಲಕ್ಕೂರಿ ಇನ್ನೊಂದು ಕೈ ಮುಖಕ್ಕೆ ಅಡ್ಡ ಇಟ್ಟು ಎದ್ದು ನಿಲ್ಲುವುದು, ಇವೇ ಜಾಸ್ತಿ. ಮಣಿಕಟ್ಟು ಹಿಡಿದರೆ ಹೆಬ್ಬೆರಳಿನ ಕಡೆಗೆ ಎಳೆಯಬೇಕು, ಹಿಡಿತದಲ್ಲಿ ಸಡಿಲ ಜಾಗ ಅದೊಂದೇ. ಕುತ್ತಿಗೆ ಬಿಗಿಯುವ ಪಟ್ಟನ್ನು ಮಾತ್ರ ಕ್ಲಾಸಿಗೇ ಬಿಟ್ಟಿದ್ದೇನೆ. ಸರಿಯಾಗಿ ಬಿದ್ದರೆ ಸುಮಾರು 10 ಸೆಕೆಂಡಿಗೆ ಪ್ರಜ್ಞೆ ಹೋಗುತ್ತದೆ. ಮ್ಯಾಟ್ ಮೇಲಾದರೆ ಅದಕ್ಕೂ ಮೊದಲೇ ಜೊತೆಗಾರ ಸೋತೆ ಅಂತ ಕೈಯಿಂದ ತಟ್ಟುತ್ತಾನೆ, ನಾನು ಬಿಡುತ್ತೇನೆ. ಬೀದಿಯಲ್ಲಿ ಯಾರು ತಟ್ಟುತ್ತಾರೆ?