ವೃತ್ತಿ ಮಾರ್ಗದರ್ಶನ: ಎಂಟನೇ ಕ್ಲಾಸಿಗೇ ಶುರು ಮಾಡಿದ ನನ್ನ ಅನುಭವ

ನಾನು ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಟೀಚರ್. ನಮ್ಮಲ್ಲಿ ವೃತ್ತಿ ಮಾರ್ಗದರ್ಶನ ಅಂದರೆ ಹತ್ತನೇ ಕ್ಲಾಸಿನವರಿಗೆ ವರ್ಷಕ್ಕೊಂದು ಭಾಷಣ, ಅಷ್ಟೇ ಆಗಿತ್ತು. ಸೈನ್ಸ್, ಕಾಮರ್ಸ್, ಆರ್ಟ್ಸ್ ಅಂತ ಬೋರ್ಡಿನ ಮೇಲೆ ಬರೆದರೆ ಮುಗೀತು.

ಒಂದು ದಿನ ಹಳೆಯ ವಿದ್ಯಾರ್ಥಿನಿಯೊಬ್ಬಳು ವ್ಯಾಸಂಗ ಪ್ರಮಾಣಪತ್ರ ಕೇಳಿಕೊಂಡು ಬಂದಳು. "ಮಿಸ್, ಬಿಎಸ್‌ಸಿ ನರ್ಸಿಂಗ್‌ಗೆ ಹಾಕಬೇಕು" ಅಂದಳು. ಅವಳು ಓದಿದ್ದು ಕಾಮರ್ಸ್, ಯಾಕೆಂದರೆ ನಡೆದು ಹೋಗುವಷ್ಟು ಹತ್ತಿರದ ಕಾಲೇಜಿನಲ್ಲಿ ಸೈನ್ಸ್ ಇರಲಿಲ್ಲ. ಬಿಎಸ್‌ಸಿ ನರ್ಸಿಂಗ್‌ಗೆ ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಇರಲೇಬೇಕು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಹತ್ತನೇ ಕ್ಲಾಸಿನಲ್ಲಿ ಅವಳ ಕ್ಲಾಸ್ ಟೀಚರ್ ನಾನೇ. ಏನಾಗಬೇಕು ಅಂತಿದ್ದೀಯ ಅಂತ ಒಂದು ಸಲವೂ ಕೇಳಿರಲಿಲ್ಲವಲ್ಲ ಅನ್ನೋದು ನನಗೆ ತುಂಬಾ ಚುಚ್ಚಿತು. ಕೊನೆಗೆ ಅವಳು ಜಿಎನ್‌ಎಂ ಅನ್ನೋ ನರ್ಸಿಂಗ್ ಡಿಪ್ಲೊಮಾಗೆ ಸೇರಿದಳು, ಅದಕ್ಕೆ ಕಾಮರ್ಸ್‌ನವರೂ ಹೋಗಬಹುದು.

ಮರುವರ್ಷ ಎಂಟನೇ ಕ್ಲಾಸಿನಿಂದ ಶುರು ಮಾಡಿದೆ. ಭಾಷಣ ಬಿಟ್ಟೆ. ಪ್ರತಿ ಮಗು ಊರಿನಲ್ಲಿ ದುಡಿಯುವ ಇಬ್ಬರನ್ನು ಮಾತಾಡಿಸಿಕೊಂಡು ಬರಬೇಕು: ಏನು ಓದಿದ್ದೀರಿ, ಎಷ್ಟು ವರ್ಷ, ಎಷ್ಟು ಖರ್ಚಾಯಿತು, ಈ ಕೆಲಸದಲ್ಲಿ ಕಷ್ಟ ಯಾವುದು? ಮಕ್ಕಳು ಲೈನ್‌ಮನ್, ಟ್ರ್ಯಾಕ್ಟರ್ ಮೆಕ್ಯಾನಿಕ್, ಪಶು ವೈದ್ಯರು, ಬ್ಯೂಟಿ ಪಾರ್ಲರ್ ಅಕ್ಕ, ಎಲ್ಲರ ಹತ್ತಿರವೂ ಹೋದರು. ಲೈನ್‌ಮನ್ ಕೆಲಸಕ್ಕೆ ಎಸ್‌ಎಸ್‌ಎಲ್‌ಸಿ ಅಂಕ ನೋಡುತ್ತಾರೆ, ಜೊತೆಗೆ ಕಂಬ ಹತ್ತಿ ತೋರಿಸಬೇಕು ಅಂತ ಒಬ್ಬ ಹುಡುಗ ಬಂದು ಹೇಳಿದಾಗ ಇಡೀ ಕ್ಲಾಸು ಕಿವಿ ನಿಮಿರಿಸಿ ಕೂತಿತ್ತು. ನಾನು ಹೇಳಿದ್ದರೆ ಅಷ್ಟು ಕೇಳುತ್ತಿರಲಿಲ್ಲ ಬಿಡಿ.

ಆಮೇಲೆ ಗೋಡೆ ಮೇಲೆ ದಾರಿಗಳ ನಕ್ಷೆ ಬರೆದೆವು. ಮಕ್ಕಳಿಗೆ ಇಷ್ಟವಾಗಿದ್ದು ಸುತ್ತಿ ಬರುವ ದಾರಿಗಳು. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಬಹುದು, ಡಿಪ್ಲೊಮಾ ಮುಗಿಸಿ ಡಿಸಿಇಟಿ ಅನ್ನೋ ಪ್ರವೇಶ ಪರೀಕ್ಷೆ ಬರೆದರೆ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ. ಐಟಿಐ ಅಂದರೆ ಓದು ಅಲ್ಲಿಗೆ ಮುಗೀತು ಅಂತ ಎಷ್ಟೋ ಅಪ್ಪಂದಿರು ನಂಬಿದ್ದರು.

ಅಪ್ಪ ಅಮ್ಮ ಬರದೆ ಈ ಕೆಲಸ ಆಗುವುದಿಲ್ಲ. ಬೆಳಿಗ್ಗೆ ಸಭೆ ಕರೆದರೆ ಕೂಲಿ ಬಿಟ್ಟು ಯಾರು ಬರುತ್ತಾರೆ? ಸಂಜೆ ಆರಕ್ಕೆ ಕರೆದೆ, ಬಂದರು. ಅಲ್ಲಿ ನಾನು ಮೊದಲು ಹೇಳುವುದು ಗ್ರಾಮೀಣ ಕೋಟಾ ವಿಷಯ. ಒಂದರಿಂದ ಹತ್ತರವರೆಗೆ ಪೂರ್ತಿ 10 ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ ಸಿಇಟಿಯಲ್ಲಿ ಶೇ. 15 ಸೀಟು ಇದೆ. ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5. ಒಂಬತ್ತನೇ ಕ್ಲಾಸಿಗೆ ಪೇಟೆಯ ಶಾಲೆಗೆ ಹಾಕಿಬಿಟ್ಟರೆ ಗ್ರಾಮೀಣ ಕೋಟಾ ಹೋಯಿತು, ಆಮೇಲೆ ಯಾರ ಕಾಲು ಹಿಡಿದರೂ ವಾಪಸ್ ಬರಲ್ಲ. ಇದನ್ನು ಹತ್ತನೇ ಕ್ಲಾಸು ಮುಗಿದ ಮೇಲೆ ಹೇಳಿ ಏನು ಪ್ರಯೋಜನ, ಅಲ್ವಾ?

ಈಗ ಎಲ್ಲಾ ಮೊಬೈಲ್‌ನಲ್ಲೇ ಸಿಗುತ್ತದೆ, ಎಐ ಕೇಳಿದರೆ ಕೋರ್ಸುಗಳ ಪಟ್ಟಿಯನ್ನೇ ಕೊಡುತ್ತದೆ, ಇನ್ನು ಮಾರ್ಗದರ್ಶನ ಯಾಕೆ ಅಂತ ಕೆಲವು ಸಹೋದ್ಯೋಗಿಗಳು ಕೇಳುತ್ತಾರೆ. ಪಟ್ಟಿ ಸಿಗುತ್ತದೆ, ನಿಜ. ಆದರೆ ಮನೆಯಿಂದ ಬಸ್ಸು ಇದೆಯಾ, ಹಾಸ್ಟೆಲ್ ಸಿಗುತ್ತದಾ, ಹುಡುಗಿಯನ್ನು ಕಳಿಸಲು ಅಜ್ಜಿ ಒಪ್ಪುತ್ತಾರಾ ಅನ್ನೋದನ್ನು ಕೂತು ಮಾತಾಡುವವರು ಬೇಕು. ನನ್ನ ಪ್ರಕಾರ ಹತ್ತಿರದ ನಾಲ್ಕೈದು ಶಾಲೆಗೆ ಒಬ್ಬರಾದರೂ ಇದೇ ಕೆಲಸಕ್ಕೆ ಇರಬೇಕು. ಪಾಠದ ನಡುವೆ ನನ್ನಂಥವರು ಮಾಡಿದರೆ ಕೆಲವು ಮಕ್ಕಳು ಕೈ ತಪ್ಪಿಯೇ ತಪ್ಪುತ್ತಾರೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ 6ರಿಂದ 8ನೇ ತರಗತಿಯೊಳಗೆ 10 ದಿನ ಬ್ಯಾಗಿಲ್ಲದೆ ಬಡಗಿ, ಕುಂಬಾರ, ತೋಟದ ಕೆಲಸದವರ ಹತ್ತಿರ ಕಲಿಯಬೇಕು ಅನ್ನೋ ಮಾತಿದೆ. ನೀತಿ ಬಗ್ಗೆ ಜಗಳ ಏನೇ ಇರಲಿ, ಆ ಹತ್ತು ದಿನ ನನಗೆ ಬೇಕು.

ಜಿಎನ್‌ಎಂ ಮುಗಿಸಿದ ಆ ಹುಡುಗಿ ಈಗ ತಾಲ್ಲೂಕು ಆಸ್ಪತ್ರೆಯಲ್ಲಿದ್ದಾಳೆ. ಈ ಸಲ ಎಂಟನೇ ಕ್ಲಾಸಿನ ಮೂವರು ಹುಡುಗಿಯರು ಪ್ರಶ್ನೆ ಬರೆದುಕೊಂಡು ಅವಳ ಹತ್ತಿರ ಹೋಗಿದ್ದರು. ಯಾವ ಕಾಲೇಜಿನಲ್ಲಿ ಸೈನ್ಸ್ ಇದೆ ಅಂತ ಈಗಲೇ ನೋಡಿಕೊಳ್ಳಿ ಅಂತ ಮೊದಲು ಹೇಳಿದ್ದು ಅವಳೇ ಅಂತೆ.