ಹಲಸಿನ ಹಪ್ಪಳಕ್ಕೆ ಎರಡು ದಿನ ತೆಗೆದಿಡಿ

ತುಳುವರ ಸುಗ್ಗಿ ತಿಂಗಳು, ಅಂದರೆ ಮಾರ್ಚ್–ಏಪ್ರಿಲ್ ಬಂತೆಂದರೆ ಉಡುಪಿ ಕಡೆಯ ಶಿರ್ವದ ನಮ್ಮ ಮನೆಯಲ್ಲಿ ಯಾರಿಗೂ ಕೂರಲು ಪುರುಸೊತ್ತಿಲ್ಲ. ಬೆಳಿಗ್ಗೆ ಗೇರುಬೀಜ ಹೆಕ್ಕಬೇಕು. ದನದ ಹಟ್ಟಿಗೆ ತರಗೆಲೆ ಗುಡಿಸಿ ತರಬೇಕು. ಮಳೆಗಾಲಕ್ಕೆ ಕಟ್ಟಿಗೆ ಒಳಗೆ ಪೇರಿಸಬೇಕು. ಇದರ ನಡುವೆಯೇ ಹಪ್ಪಳದ ಕೆಲಸ. ಏಪ್ರಿಲ್ ನಡುವಿನ ಬಿಸು (ತುಳು ಹೊಸವರ್ಷ) ಹಬ್ಬದ ಆಚೀಚೆ ಮಕ್ಕಳಿಗೆ ರಜೆ, ಬಿಸಿಲೂ ಖಡಕ್. ಪತ್ತನಾಜೆಯವರೆಗೆ, ಅಂದರೆ ಮೇ 24ರ ಹೊತ್ತಿನವರೆಗೆ ಕಾಯುತ್ತಾ ಕೂತರೆ ಸಂಜೆಯ ಗುಡುಗು ಶುರುವಾಗಿರುತ್ತದೆ.

ಹಪ್ಪಳ ಕೆಡುವುದು ಹೆಚ್ಚಾಗಿ ಕಾಯಿ ಆರಿಸುವಾಗಲೇ. ಗುಜ್ಜೆ, ಅಂದರೆ ಎಳೆ ಹಲಸು ಆಗದು, ಹಣ್ಣೂ ಆಗದು. ಬೆಳೆದ ಕಾಯಿಯೇ ಬೇಕು. ಮುಳ್ಳುಗಳು ಚಪ್ಪಟೆಯಾಗಿ ಒಂದರಿಂದೊಂದು ದೂರ ಸರಿದಿರಬೇಕು. ಪರಿಮಳ ಬಂದಿರಬಾರದು. ಒಮ್ಮೆ ನಾನು ಹಣ್ಣಿನ ಕಡೆ ವಾಲಿದ ಕಾಯಿಯನ್ನೇ ‘ಪರವಾಗಿಲ್ಲ’ ಎಂದು ಕೊಯ್ದಿದ್ದೆ. ಹಪ್ಪಳ ಚಂದವಾಗಿಯೇ ಒಣಗಿತು. ಎಣ್ಣೆಗೆ ಬಿಟ್ಟ ಕೂಡಲೇ ಕಪ್ಪಾಯಿತು! ಕಾಯಿ ಹಣ್ಣಾಗುತ್ತಾ ಬಂದಂತೆ ಸಕ್ಕರೆ ಜಾಸ್ತಿಯಾಗುತ್ತದೆ, ಅದು ಬೇಗ ಕರಟುತ್ತದೆ. ಮಳೆಗಾಲದ ಆಟಿ ತಿಂಗಳಿಡೀ ಮನೆಯವರ ಮಾತು ಕೇಳಬೇಕಾಯಿತು. ಹಲಸಿನ ಜಾತಿಯಲ್ಲಿ ಗಟ್ಟಿ ಸೊಳೆಯ ಬಕ್ಕೆ ಒಳ್ಳೆಯದು. ಮೆತ್ತನೆ ಸೊಳೆಯ ತುಳುವದಲ್ಲೂ ಮಾಡುವವರಿದ್ದಾರೆ, ನನಗೆ ಅದರ ನಾರು ಹಿಡಿಸುವುದಿಲ್ಲ.

ಕಾಯಿಯನ್ನು ಹಗ್ಗ ಕಟ್ಟಿ ಇಳಿಸಿ, ಬೀಳಿಸಬೇಡಿ. ಕೊರೆಯುವ ಕೆಲಸ ಹಿಂದಿನ ಸಂಜೆಯೇ ಮುಗಿಯಲಿ. ಮೆಟ್ಟುಕತ್ತಿಗೂ (ಕಾಲಲ್ಲಿ ಮೆಟ್ಟಿ ಹಿಡಿಯುವ ಈಳಿಗೆ) ಕೈಗೂ ತೆಂಗಿನೆಣ್ಣೆ ಹಚ್ಚಿಕೊಳ್ಳಿ. ಮೇಣ ಮೆತ್ತಿದ ಮೇಲೆ ಸೋಪು ಉಜ್ಜಿದರೆ ಸುಮ್ನೆ ಸೋಪು ಖರ್ಚು, ಅಷ್ಟೇ. ಸೊಳೆ ಬಿಡಿಸಿ ಬೀಜ ಬೇರೆ ಇಡಿ. ಉಪ್ಪು ನೀರಿನಲ್ಲಿ ಬೇಯಿಸಿ ಒಣಗಿಸಿದರೆ ಅದೇ ಸಾಂತಾಣಿ. ಸಿಪ್ಪೆ, ಗೂಂಜು (ನಡುವಿನ ದಿಂಡು) ದನಕ್ಕೆ.

ಮರುದಿನ ಬೆಳಕು ಹರಿಯುವ ಮೊದಲೇ ಒಲೆ ಹಚ್ಚಿ. ಒಂಬತ್ತು ಗಂಟೆಗೆ ಮೊದಲ ಚಾಪೆ ಬಿಸಿಲಿಗೆ ಬೀಳಬೇಕು ಎನ್ನುವುದು ನಮ್ಮ ಮನೆಯ ಹಠ. ಸೊಳೆಯನ್ನು ನೀರಿಗೆ ಹಾಕಿ ಕುದಿಸಬೇಡಿ, ಅಟ್ಟಿನಳಗೆಯಲ್ಲಿ, ಅಂದರೆ ಹಬೆಯಲ್ಲಿ ಬೇಯಿಸುವ ಪಾತ್ರೆಯಲ್ಲಿ ಇಡಿ. 20–25 ನಿಮಿಷ ಸಾಕು. ಬೆರಳಲ್ಲಿ ಒತ್ತಿದರೆ ನುರಿಯಬೇಕು.

ಈಗ ಗಡಿಬಿಡಿಯ ಹೊತ್ತು. ಸೊಳೆ ಬಿಸಿ ಇರುವಾಗಲೇ ಒರಳಿಗೆ ಹಾಕಿ ಗುದ್ದಬೇಕು, ಆರಿದರೆ ಗಂಟು ಉಳಿಯುತ್ತದೆ. ಒಂದು ಕೆಜಿ ಸೊಳೆಗೆ ಎರಡು ಸಣ್ಣ ಚಮಚ ಉಪ್ಪು, ಎಂಟು ಹತ್ತು ಒಣಮೆಣಸು, ಒಂದು ಚಮಚ ಕೊತ್ತಂಬರಿ, ಅರ್ಧ ಚಮಚ ಜೀರಿಗೆ ಪುಡಿ ಮಾಡಿ ಸೇರಿಸಿ. ಹಿಟ್ಟು ಬಾಯಿಗೆ ಸ್ವಲ್ಪ ಸಪ್ಪೆ ಎನಿಸಿದರೂ ಬಿಡಿ. ಒಣಗಿದಾಗ ಉಪ್ಪು ಎದ್ದು ಕಾಣುತ್ತದೆ. ಮಿಕ್ಸಿಯಲ್ಲಿ ಆಗದೇ ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಆಗುತ್ತದೆ, ಆದರೆ ಮಿಕ್ಸಿ ತಿರುಗಲು ನೀರು ಕೇಳುತ್ತದೆ. ನೀರು ಬಿದ್ದ ಹಿಟ್ಟು ಒತ್ತುವ ಪ್ಲಾಸ್ಟಿಕ್ ಶೀಟಿಗೆ ಅಂಟುತ್ತದೆ, ಒಣಗಲು ಒಂದು ದಿನ ಜಾಸ್ತಿ ಬೇಕು.

ಹಿಟ್ಟನ್ನು ನಿಂಬೆ ಗಾತ್ರದ ಉಂಡೆ ಮಾಡಿ. ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಶೀಟಿನ ನಡುವೆ ಇಟ್ಟು ಮಣೆಯಿಂದ ಒತ್ತಿ. ನಡು ದಪ್ಪ, ಅಂಚು ತೆಳು ಆದರೆ ಅಂಚು ಮೊದಲು ಒಣಗಿ ಬಿರಿಯುತ್ತದೆ. ಮಣೆಯನ್ನು ಅರ್ಧ ಸುತ್ತು ತಿರುಗಿಸಿ ಇನ್ನೊಮ್ಮೆ ಒತ್ತಿದರೆ ಸಮ ಆಗುತ್ತದೆ. ಒಬ್ಬರು ಉಂಡೆ ಮಾಡಿ, ಒಬ್ಬರು ಒತ್ತಿ, ಒಬ್ಬರು ಚಾಪೆಗೆ ಹಾಕುತ್ತಾ ಹೋದರೆ ಒಂದು ದೊಡ್ಡ ಕಾಯಿ ಎರಡು ಗಂಟೆಯಲ್ಲಿ ಖಾಲಿ.

ಕಾಗೆ ಓಡಿಸುವುದು ಮಕ್ಕಳ ಪಾಲು. ಸಂಬಳವಾಗಿ ಹಸಿ ಹಿಟ್ಟಿಗೆ ಕಾಯಿತುರಿ, ತೆಂಗಿನೆಣ್ಣೆ ಕಲಸಿ ಕೊಡಿ. ಆದರೂ ಸಂಜೆ ಲೆಕ್ಕ ಹಾಕಿದರೆ ಹತ್ತಾದರೂ ಕಡಿಮೆ. ಕಾಗೆ ಕೊಂಡೋಯಿತಂತೆ! ಅರೆ ಒಣಗಿದ ಹಪ್ಪಳದ ರುಚಿ ನಮಗೂ ಗೊತ್ತಲ್ವಾ, ಹೆಚ್ಚು ವಿಚಾರಿಸುವುದಿಲ್ಲ.

ಸಂಜೆ ಇಬ್ಬನಿ ಬೀಳುವ ಮೊದಲು ಒಳಗೆ ತನ್ನಿ. ಮರುದಿನ ಮಗುಚಿ ಹಾಕಿ. ಮಡಚಿದರೆ ಪಟ್ ಎಂದು ಮುರಿಯುವವರೆಗೆ ಒಣಗಲಿ. ಬಿಸಿಲಿನಿಂದ ತಂದ ಕೂಡಲೇ ಡಬ್ಬಿಗೆ ತುಂಬಬೇಡಿ, ಬಿಸಿ ಆರಲಿ, ಇಲ್ಲದಿದ್ದರೆ ಒಳಗೆ ಬೆವರಿ ಬೂಸಲು ಬರುತ್ತದೆ. ಜಡಿಮಳೆಯಲ್ಲಿ ಡಬ್ಬಿ ತೆರೆದರೆ ಅಂದಿಗೆ ಬೇಕಾದಷ್ಟೇ ತೆಗೆದು ಕೂಡಲೇ ಮುಚ್ಚಿ. ಮೆತ್ತಗಾದದ್ದು ಸಿಕ್ಕಿದರೆ ಒಲೆಯ ಹತ್ತಿರ ಹತ್ತು ನಿಮಿಷ ಇಟ್ಟು ಆಮೇಲೆ ಕರಿಯಿರಿ.