ಕಲಬುರಗಿ ಬಿಟ್ಟು ಹೈದರಾಬಾದ್‌ಗೋ ಪುಣೆಗೋ ಹೋದರೆ, ಡಿಎಲ್ ಮೇಲಿನ ಹಳೆಯ ಕೇಸು ಹಿಂದೆ ಬರುತ್ತದಾ?

ಬರುತ್ತದೆ. ಹುಮನಾಬಾದ್ ದಾಟಿ ಜಹೀರಾಬಾದ್ ಸೇರಿದರೆ ಹಳೆಯದೆಲ್ಲ ಮುಗಿಯಿತು ಅಂತ ನಂಬಿರುವವರು, ಅದರಲ್ಲೂ ಕ್ಯಾಬ್ ಅಥವಾ ಲಾರಿ ಓಡಿಸಲು ಹೊರಟ ನಮ್ಮ ಕಡೆಯ ಹುಡುಗರು, ದಯವಿಟ್ಟು ಇದನ್ನು ಪೂರ್ತಿ ಓದಿ.

ಮೊದಲು ಒಂದು ಫರಕು ತಿಳಿದುಕೊಳ್ಳಿ. ಕ್ಯಾಮೆರಾ ಹಾಕಿದ ದಂಡ ಗಾಡಿ ನಂಬರಿನ ಮೇಲೆ ಕೂರುತ್ತದೆ. ಕುಡಿದು ಓಡಿಸಿ ಕೋರ್ಟಿಗೆ ಹೋದದ್ದು, ಲೈಸೆನ್ಸ್ ಸಸ್ಪೆಂಡ್ ಆದದ್ದು ನಿಮ್ಮ ಹೆಸರಿನ ಮೇಲೆ. ಗಾಡಿ ಮಾರಿದರೂ ಈ ಎರಡನೆಯದು ಹೋಗುವುದಿಲ್ಲ.

ಡಿಎಲ್ ಒಂದೇ, ಇಡೀ ದೇಶಕ್ಕೆ ನಡೆಯುತ್ತದೆ. ಹಾಗಾಗಿ ಹೊಸ ರಾಜ್ಯದಲ್ಲಿ ಇನ್ನೊಂದು ಮಾಡಿಸುವ ಯೋಚನೆ ಬಿಡಿ. ಒಬ್ಬರಿಗೆ ಎರಡು ಲೈಸೆನ್ಸ್ ಇರಕೂಡದು ಅಂತ 1988ರ ಮೋಟಾರು ವಾಹನ ಕಾಯ್ದೆಯೇ ಹೇಳುತ್ತದೆ. ಅನರ್ಹತೆ ಇರುವಾಗ, ಇಲ್ಲವೇ ಹಳೆಯ ಷರಾ (ತಪ್ಪಿಗಾಗಿ ಲೈಸೆನ್ಸಿನ ಮೇಲೆ ಬೀಳುವ ಟಿಪ್ಪಣಿ, ಎಂಡಾರ್ಸ್‌ಮೆಂಟ್) ಮುಚ್ಚಿಟ್ಟು ಅರ್ಜಿ ಹಾಕಿದರೆ 182ನೇ ಕಲಂ ಪ್ರಕಾರ ಮೂರು ತಿಂಗಳವರೆಗೆ ಜೈಲು, ₹10,000 ದಂಡ, ಅಥವಾ ಎರಡೂ. ಹಾಗೆ ಪಡೆದ ಲೈಸೆನ್ಸೂ ಊರ್ಜಿತವಲ್ಲ. ಏಜೆಂಟ್ ಏನೇ ಹೇಳಲಿ, ಸಿಕ್ಕಿಬೀಳುವವರು ನೀವೇ ಅಲ್ವಾ?

ಷರಾ ಬಿದ್ದಿದ್ದರೆ ಜೀವನಪೂರ್ತಿ ಇರುತ್ತದೆ ಅಂತ ಹೆದರಬೇಡಿ. ಹೊಸ ಅಥವಾ ಡುಪ್ಲಿಕೇಟ್ ಲೈಸೆನ್ಸಿಗೂ ಅದು ಹೋಗುತ್ತದೆ, ನಿಜ. ಆದರೆ ಕೊನೆಯ ಷರಾ ಆದ ಮೇಲೆ ಮೂರು ವರ್ಷ ಮತ್ತೊಂದು ಬೀಳದಿದ್ದರೆ, ಷರಾ ಇಲ್ಲದ ಲೈಸೆನ್ಸ್ ಕೇಳುವ ಹಕ್ಕು ನಿಮಗಿದೆ. ಬರೀ ಅತಿವೇಗದ ಷರಾ ಆಗಿದ್ದರೆ ಒಂದೇ ವರ್ಷ. ಇದು 24ನೇ ಕಲಂ, ಜಾಸ್ತಿ ಜನ ಕೇಳಿಯೇ ಇಲ್ಲ.

ಊರು ಬಿಡುವ ಮುಂಚೆಯೇ ಮಾಡಬೇಕಾದ ಕೆಲಸ ಒಂದಿದೆ, ಅದನ್ನು ಮಾತ್ರ ತಪ್ಪಿಸಬೇಡಿ. ಸರ್ಕಾರದ ಪರಿವಾಹನ್ ತಾಣದಲ್ಲಿ ಲೈಸೆನ್ಸ್ ಕೆಲಸಕ್ಕಿರುವ ಸಾರಥಿ ವಿಭಾಗದಲ್ಲಿ ನಿಮ್ಮ ಡಿಎಲ್ ನಂಬರ್ ಹಾಕಿ ನೋಡಿ. ಹಳೆಯ ಪುಸ್ತಕದಂಥ ಲೈಸೆನ್ಸ್ ಇರುವವರ ವಿವರ ಎಷ್ಟೋ ಸಲ ಅಲ್ಲಿ ಕಾಣುವುದೇ ಇಲ್ಲ. ಆಗ ಅದನ್ನು ಏರಿಸಬೇಕಾದ್ದು ಲೈಸೆನ್ಸ್ ಕೊಟ್ಟ ಆರ್‌ಟಿಒನೇ, ಅಂದರೆ ಕೆಎ-32 ಆದರೆ ಕಲಬುರಗಿ, ಕೆಎ-33 ಆದರೆ ಯಾದಗಿರಿ, ಕೆಎ-38 ಆದರೆ ಬೀದರ್. ಪುಣೆಯಲ್ಲಿ ಕೆಲಸ ಹಿಡಿದ ಮೇಲೆ ಇದಕ್ಕಾಗಿ ರಜೆ ಹಾಕಿ, ಬಸ್ಸಿಗೆ ದುಡ್ಡು ಸುರಿದು ಸುಮ್ನೆ ಓಡಾಡುವುದು ಯಾಕೆ? ವಿವರ ಸರಿ ಇದ್ದರೆ ಡಿಎಲ್ ಎಕ್ಸ್‌ಟ್ರಾಕ್ಟ್‌ಗೂ (ಲೈಸೆನ್ಸ್ ದಾಖಲೆಯ ಅಧಿಕೃತ ಪ್ರತಿ) ಅರ್ಜಿ ಹಾಕಿಡಿ, ಡ್ರೈವರ್ ಕೆಲಸ ಕೇಳುವಾಗ ತೋರಿಸಬಹುದು. ವಿಳಾಸ ಬದಲಾವಣೆಯೂ ಸಾರಥಿಯಲ್ಲೇ.

ಗಾಡಿಯನ್ನೂ ಒಯ್ಯುವವರು ಇ-ಚಲನ್ ಬಾಕಿ ನೋಡಿ ಕಟ್ಟಿಬಿಡಿ, ಇಲ್ಲದಿದ್ದರೆ ಎನ್‌ಒಸಿ (ಗಾಡಿ ಬೇರೆ ರಾಜ್ಯಕ್ಕೆ ಒಯ್ಯಲು ಆಕ್ಷೇಪಣೆ ಇಲ್ಲ ಎಂಬ ಪತ್ರ) ಪಡೆಯುವ ಹೊತ್ತಿಗೆ ಅಡ್ಡ ಬರುತ್ತದೆ. ಹೈದರಾಬಾದ್ ಕಡೆ ಆಗಾಗ ಹೋಗಿ ಬಂದಿದ್ದರೆ ತೆಲಂಗಾಣ ಪೊಲೀಸರ ಚಲನ್ ತಾಣವನ್ನೂ ಬೇರೆಯಾಗಿ ನೋಡಿ. ಬೇರೆ ರಾಜ್ಯದಲ್ಲಿ ಗಾಡಿ 12 ತಿಂಗಳಿಗಿಂತ ಹೆಚ್ಚು ಇರುವುದಾದರೆ ಅಲ್ಲಿಯ ನಂಬರ್ ಮಾಡಿಸಬೇಕು. ಅದಕ್ಕೆ ಇಲ್ಲಿಯ ಆರ್‌ಟಿಒದಿಂದ ಫಾರಂ 28ರಲ್ಲಿ ಎನ್‌ಒಸಿ ತೆಗೆದುಕೊಳ್ಳಿ. ಸಾಲದ ಗಾಡಿಯಾದರೆ ಬ್ಯಾಂಕಿನ ಒಪ್ಪಿಗೆಯೂ ಬೇಕು.